ನಮ್ಮ ಪ್ರಾದೇಶಿಕ ಇತಿಹಾಸ ಲೇಖನದಲ್ಲಿ ಬ್ಯಾಕ್ಟೀರಿಯಗಳ ಸ್ಥಾನ: ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳನ್ನು ಕುರಿತು ಒಂದು ವಿಮರ್ಶೆ

೧

ಬಿಜಾಪುರ ಸೀಮೆಯ ಇತಿಹಾಸವನ್ನು ಕುರಿತು ಇದುವರೆಗೆ ಬಂದಿರುವ ಬರಹ ಅಲ್ಪವಲ್ಲ. ಸಾಲೋಟಗಿಯ ಶಾಸನ, ಆದಿಲಶಾಹಿಯ ಕಟ್ಟಡಗಳು, ಬಸವಣ್ಣನವರ ಹುಟ್ಟೂರಾದ ಬಾಗೇವಾಡಿಯ ಪರಂಪರೆ, ತಾಳಿಕೋಟೆಯ ಹೆಸರಿನಿಂದ ಪ್ರಸಿದ್ಧವಾದ ೧೫೬೫ರ ಯುದ್ಧ, ಇವನ್ನೆಲ್ಲ ವಿದ್ವಾಂಸರು ಮತ್ತೆ ಮತ್ತೆ ಪರಿಶೀಲಿಸಿದ್ದಾರೆ. ಆದರೆ ಈ ನಾಡಿನ ಜನರು ಎಂತಹ ನೀರನ್ನು ಕುಡಿದರು, ಧಾನ್ಯವನ್ನು ಹೇಗೆ ಕಾಪಾಡಿಕೊಂಡರು, ಯಾವ ಬೇನೆಯಿಂದ ಸತ್ತರು, ಅವರ ಎರೆಹೊಲಗಳು ತಲೆತಲಾಂತರ ಬೆಳೆ ಕೊಟ್ಟೂ ಏಕೆ ಬರಡಾಗಲಿಲ್ಲ ಎಂಬ ಪ್ರಶ್ನೆಗಳು ಬಂದಾಗ ನಮ್ಮ ಗ್ರಂಥಗಳು ಒಂದೆರಡು ವಾಕ್ಯಗಳಲ್ಲಿ ಮಾತನ್ನು ಮುಗಿಸುತ್ತವೆ. ಈ ಎಲ್ಲ ಪ್ರಶ್ನೆಗಳ ಹಿಂದೆಯೂ ಕಣ್ಣಿಗೆ ಕಾಣದ ಒಂದು ಜೀವವರ್ಗದ ಕೆಲಸವಿದೆ. ಅದು ಬ್ಯಾಕ್ಟೀರಿಯ.

ಬ್ಯಾಕ್ಟೀರಿಯವು ನಮ್ಮ ಇತಿಹಾಸಗ್ರಂಥಗಳಲ್ಲಿ ಕಾಣಿಸಿಕೊಳ್ಳುವುದೇ ಇಲ್ಲವೆಂದಲ್ಲ. ಪ್ಲೇಗು, ಕಾಲರಾಗಳ ಪ್ರಸ್ತಾಪ ಬಂದಾಗ ಅದು ಹಂತಕನಾಗಿ ಬರುತ್ತದೆ. ಸತ್ತವರ ಲೆಕ್ಕ ಮುಗಿದೊಡನೆ ಮರೆಯಾಗುತ್ತದೆ. ಮೊಸರಿನ ಗಡಿಗೆಯಲ್ಲಿ, ತೊಗರಿಯ ಬೇರಿನಲ್ಲಿ, ತಿಪ್ಪೆಗುಂಡಿಯಲ್ಲಿ, ಹಾಳುಮಣ್ಣಿನಲ್ಲಿ ಅದು ಪ್ರತಿದಿನವೂ ಮಾಡಿದ ಕೆಲಸಕ್ಕೆ ಇತಿಹಾಸದಲ್ಲಿ ಸ್ಥಾನವಿಲ್ಲ. ಈ ಏಕಮುಖ ದೃಷ್ಟಿಯು ಕೇವಲ ಅಪೂರ್ಣವಲ್ಲ, ಅದು ನಮ್ಮ ಕೈಯಲ್ಲಿರುವ ದಾಖಲೆಗಳ ಅರ್ಥವನ್ನೇ ತಪ್ಪಿಸುತ್ತದೆ ಎಂಬುದು ಪ್ರಸ್ತುತ ಲೇಖನದ ವಾದ. ಬ್ಯಾಕ್ಟೀರಿಯಕ್ಕೆ ಇತಿಹಾಸದಲ್ಲಿ ಸ್ಥಿರವಾದ ಗುಣವೆಂಬುದಿಲ್ಲ. ನೀರು, ಧಾನ್ಯ, ಮಣ್ಣು, ಮನೆ, ದಾರಿ, ಇವುಗಳನ್ನು ಮನುಷ್ಯನು ಹೇಗೆ ಏರ್ಪಡಿಸಿಕೊಂಡಿದ್ದಾನೆ ಎಂಬುದರ ಮೇಲೆ ಅದು ಉಪಕಾರಿಯೋ ಅಪಕಾರಿಯೋ ಆಗುತ್ತದೆ. ಈ ಏರ್ಪಾಡಿನ ಅಧ್ಯಯನವು ಇತಿಹಾಸಕಾರನ ಕೆಲಸವೇ ಹೊರತು ಕೇವಲ ವೈದ್ಯನದಲ್ಲ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳನ್ನು ಇಲ್ಲಿ ಅವುಗಳ ಹಳೆಯ ಎಲ್ಲೆಗಳಲ್ಲಿಯೇ ಗ್ರಹಿಸಿದೆ. ಚಡಚಣ, ತಾಳಿಕೋಟೆ, ನಿಡಗುಂದಿ, ದೇವರ ಹಿಪ್ಪರಗಿಗಳು ಈಚೆಗೆ ಪ್ರತ್ಯೇಕ ತಾಲೂಕುಗಳಾಗಿದ್ದರೂ ಹಿಂದಿನ ದಾಖಲೆಗಳೆಲ್ಲ ಹಳೆಯ ಎಲ್ಲೆಗಳನ್ನೇ ಅನುಸರಿಸಿವೆ. ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ನಡುವೆ ಸವುಳು ನೀರಿನ ಡೋಣಿ, ಅದರ ಇಕ್ಕೆಲಗಳಲ್ಲಿ ಆಳವಾದ ಎರೆಭೂಮಿ. ಇದು ನಮ್ಮ ಅಧ್ಯಯನದ ಕ್ಷೇತ್ರ.

೨

ಮೊದಲು ಆಕರಗ್ರಂಥಗಳನ್ನು ನೋಡೋಣ. ಮುಂಬಯಿ ಪ್ರಾಂತ್ಯದ ಗೆಜೆಟಿಯರ್ ಮಾಲೆಯಲ್ಲಿ ಬಿಜಾಪುರದ ಸಂಪುಟವು ೧೮೮೪ರಲ್ಲಿ ಪ್ರಕಟವಾಯಿತು. ಜೇಮ್ಸ್ ಕ್ಯಾಂಬೆಲ್ಲನ ಸಂಪಾದಕತ್ವದ ಆ ಮಾಲೆಯ ಪರಿಶ್ರಮವನ್ನು ಯಾರೂ ಅಲ್ಲಗಳೆಯಲಾರರು. ಇಂದಿಗೂ ನಮ್ಮ ವಿದ್ಯಾರ್ಥಿಗಳು ಅದನ್ನು ಬಿಟ್ಟು ಒಂದು ಹೆಜ್ಜೆಯನ್ನೂ ಇಡಲಾಗದು. ಆದರೆ ಅದರ ವಿಂಗಡಣೆಯನ್ನು ಗಮನಿಸಬೇಕು. ಬೇಸಾಯಕ್ಕೊಂದು ಅಧ್ಯಾಯ, ವ್ಯಾಪಾರಕ್ಕೊಂದು, ಆರೋಗ್ಯಕ್ಕೊಂದು. ಬೇನೆಗಳು, ದವಾಖಾನೆಗಳು, ಜನನ ಮರಣದ ಅಂಕಿಗಳು ಆರೋಗ್ಯದ ಅಧ್ಯಾಯಕ್ಕೆ ಸೇರಿದವು. ಬೆಳೆಯ ಸರದಿ, ಗೊಬ್ಬರ, ಮಣ್ಣಿನ ವಿಚಾರಗಳು ಬೇಸಾಯಕ್ಕೆ ಸೇರಿದವು. ತಾಲೂಕುಗಳ ನೀರಿನ ಸ್ಥಿತಿ ಮತ್ತೊಂದೆಡೆಗೆ ಹೋಯಿತು. ಒಂದೇ ಜೀವವರ್ಗದ ಎರಡು ಮುಖಗಳು ಗ್ರಂಥದ ಬೇರೆ ಬೇರೆ ಭಾಗಗಳಿಗೆ ಹಂಚಿಹೋದುದರಿಂದ ಅವು ಪರಸ್ಪರ ಸಂಧಿಸುವ ಸಂಭವವೇ ಉಳಿಯಲಿಲ್ಲ.

ಇದಕ್ಕಾಗಿ ೧೮೮೪ರ ಲೇಖಕರನ್ನು ದೂಷಿಸುವುದು ನ್ಯಾಯವಲ್ಲ. ಜರ್ಮನಿಯ ರಾಬರ್ಟ್ ಕಾಕ್ ಕ್ಷಯದ ಬ್ಯಾಕ್ಟೀರಿಯವನ್ನು ೧೮೮೨ರಲ್ಲಿ ತೋರಿಸಿಕೊಟ್ಟಿದ್ದನಷ್ಟೆ. ಕಾಲರಾದ ಬ್ಯಾಕ್ಟೀರಿಯವನ್ನು ಅವನು ಈಜಿಪ್ಟ್ ಮತ್ತು ಕಲಕತ್ತೆಗಳಲ್ಲಿ ಗುರುತಿಸಿದ್ದು ೧೮೮೩ ಮತ್ತು ೧೮೮೪ರಲ್ಲಿ. ದ್ವಿದಳ ಧಾನ್ಯಗಳ ಬೇರಿನ ಗಂಟುಗಳ ರಹಸ್ಯ ತಿಳಿದದ್ದು ೧೮೮೬ರ ನಂತರ. ಗೆಜೆಟಿಯರ್ ಅಚ್ಚಾಗುತ್ತಿದ್ದಾಗ ಈ ವಿಜ್ಞಾನವೇ ಹುಟ್ಟುತ್ತಿತ್ತು. ಆದರೆ ೧೯೬೬ರಲ್ಲಿ ಪ್ರಕಟವಾದ ಮೈಸೂರು ರಾಜ್ಯದ ಬಿಜಾಪುರ ಜಿಲ್ಲಾ ಗೆಜೆಟಿಯರಿಗೆ ಈ ಸಮಾಧಾನ ಹೊಂದುವುದಿಲ್ಲ. ಎಂಬತ್ತು ವರ್ಷಗಳ ವಿಜ್ಞಾನ ಅದರ ಮುಂದಿತ್ತು. ಆದರೂ ಅದು ವೈದ್ಯಕೀಯ ಮತ್ತು ಸಾರ್ವಜನಿಕ ಆರೋಗ್ಯ ಒಂದು ಕಡೆ, ಬೇಸಾಯ ಮತ್ತು ನೀರಾವರಿ ಇನ್ನೊಂದು ಕಡೆ ಎಂಬ ಹಳೆಯ ಗೋಡೆಯನ್ನು ಕೆಡವಲಿಲ್ಲ. ಅನಂತರ ಬಂದ ನಮ್ಮ ಅನೇಕ ಪ್ರಬಂಧಗಳು ಗೆಜೆಟಿಯರಿನ ಅಂಕಿಸಂಖ್ಯೆಗಳ ಜೊತೆಗೆ ಅದರ ಗೋಡೆಗಳನ್ನೂ ಎರವಲು ಪಡೆದಿವೆ.

ಎರಡನೆಯ ಬಗೆಯ ಬರಹವು ವಿಶ್ವವಿದ್ಯಾಲಯಗಳಲ್ಲಿ ಹುಟ್ಟಿದ ಸಾಂಕ್ರಾಮಿಕ ರೋಗಗಳ ಇತಿಹಾಸ. ಡೇವಿಡ್ ಆರ್ನಲ್ಡರು ೧೯೯೩ರಲ್ಲಿ ಪ್ರಕಟಿಸಿದ, ವಸಾಹತು ಕಾಲದ ಭಾರತದಲ್ಲಿ ರಾಜ್ಯವೈದ್ಯವನ್ನೂ ಸಾಂಕ್ರಾಮಿಕಗಳನ್ನೂ ಕುರಿತ ಗ್ರಂಥವು ಈ ಕ್ಷೇತ್ರಕ್ಕೆ ದೊಡ್ಡ ಪ್ರೇರಣೆಯನ್ನು ಕೊಟ್ಟಿತು. ಸರಕಾರವು ಪ್ರಜೆಯ ದೇಹದ ಮೇಲೆ ಹೇಗೆ ಅಧಿಕಾರ ಚಲಾಯಿಸಿತು, ಪ್ರಜೆಯು ಅದನ್ನು ಹೇಗೆ ಪ್ರತಿಭಟಿಸಿದನು ಎಂಬ ಪ್ರಶ್ನೆ ಅಲ್ಲಿ ಪ್ರಧಾನವಾದುದು. ಇದು ಬೆಲೆಯುಳ್ಳ ಪ್ರಶ್ನೆಯೇ. ಆದರೆ ಈ ಮಾದರಿಯನ್ನು ನಮ್ಮ ಹಳ್ಳಿಗಳಿಗೆ ಹಾಗೆಯೇ ಅನ್ವಯಿಸಿದಾಗ ರಂಗದ ಮೇಲೆ ಸರಕಾರ ಮತ್ತು ಜನ ಎಂಬ ಎರಡೇ ಪಾತ್ರಗಳು ಉಳಿಯುತ್ತವೆ. ಇಲಿ, ಚಿಗಟ, ಧಾನ್ಯ, ಬ್ಯಾಕ್ಟೀರಿಯ, ಇವು ಹಿನ್ನೆಲೆಯ ಪರದೆಯಾಗಿಬಿಡುತ್ತವೆ.

೩

ಈ ಕೊರತೆಯ ಫಲವೇನೆಂಬುದನ್ನು ಪ್ಲೇಗಿನ ಉದಾಹರಣೆಯಿಂದ ಸ್ಪಷ್ಟಪಡಿಸಬಹುದು. ೧೮೯೬ರಲ್ಲಿ ಮುಂಬಯಿಗೆ ಬಂದ ಪ್ಲೇಗು ಕೆಲವೇ ವರ್ಷಗಳಲ್ಲಿ ಕರ್ನಾಟಕದ ಜಿಲ್ಲೆಗಳನ್ನು ವ್ಯಾಪಿಸಿತು. ಹೋಟಗಿಯಿಂದ ಬಿಜಾಪುರದ ಮೂಲಕ ಗದಗಿಗೆ ಹೋಗುವ ರೈಲುಹಾದಿ ೧೮೮೦ರ ದಶಕದಲ್ಲಿಯೇ ತೆರೆದಿತ್ತು. ಇಂಡಿ ರೋಡ್, ಬಸವನ ಬಾಗೇವಾಡಿ ರೋಡ್ ನಿಲ್ದಾಣಗಳು ಈ ಹಾದಿಯ ಮೇಲಿನವು. ಬರಗಾಲದಲ್ಲಿ ಧಾನ್ಯವನ್ನು ತಂದು ಜೀವ ಉಳಿಸಬಲ್ಲ ಹಾದಿಯೇ ಧಾನ್ಯದ ಚೀಲಗಳೊಡನೆ ಇಲಿಯನ್ನೂ ಚಿಗಟವನ್ನೂ ತರಬಲ್ಲ ಹಾದಿಯಾಯಿತು.

ಪ್ಲೇಗಿನ ಬ್ಯಾಕ್ಟೀರಿಯವನ್ನು ಅಲೆಕ್ಸಾಂಡರ್ ಯೆರ್ಸಾನ್ ಹಾಂಗ್‌ಕಾಂಗಿನಲ್ಲಿ ೧೮೯೪ರಲ್ಲಿಯೇ ಗುರುತಿಸಿದ್ದನು. ಆದರೆ ಅದು ಇಲಿಯಿಂದ ಮನುಷ್ಯನಿಗೆ ಬರುವುದು ಚಿಗಟದ ಮೂಲಕ ಎಂಬುದನ್ನು ಪಾಲ್ ಲೂಯಿ ಸಿಮೋಂ ಕರಾಚಿಯಲ್ಲಿ ತೋರಿಸಿದ್ದು ೧೮೯೮ರಲ್ಲಿ. ಅದನ್ನು ವಿದ್ವತ್ ಪ್ರಪಂಚವು ಸಂಪೂರ್ಣವಾಗಿ ಒಪ್ಪಿದ್ದು ೧೯೦೫ರಿಂದ ಮುಂಬಯಿಯಲ್ಲಿ ನಡೆದ ವ್ಯವಸ್ಥಿತ ಪ್ರಯೋಗಗಳ ತರುವಾಯ. ಇದರ ಅರ್ಥವೇನು? ೧೮೯೭ರ ಸಾಂಕ್ರಾಮಿಕ ರೋಗಗಳ ಕಾಯಿದೆಯ ಬಲದಿಂದ ಅಧಿಕಾರಿಗಳು ಮುಂಬಯಿ, ಪುಣೆಗಳಲ್ಲಿ ಮನೆ ಹೊಕ್ಕು ಜನರನ್ನು ಎಳೆದೊಯ್ದಾಗ, ನೆಲಕ್ಕೆ ಕಾರ್ಬಾಲಿಕ್ ಆಮ್ಲ ಸುರಿದಾಗ, ಗೋಡೆಗೆ ಸುಣ್ಣ ಬಳಿದಾಗ, ಅವರು ಹೊಲಸಿನ ವಿರುದ್ಧ ಹೋರಾಡುತ್ತಿದ್ದರು. ಚಿಗಟದ ವಿರುದ್ಧ ಅಲ್ಲ. ಅವರ ಕ್ರೌರ್ಯವನ್ನು ಕುರಿತು ನಾವು ಬಹಳ ಬರೆದಿದ್ದೇವೆ. ಅವರ ಕ್ರಮವು ರೋಗದ ನಿಜವಾದ ಹಾದಿಯನ್ನೇ ತಪ್ಪಿತ್ತು ಎಂಬುದನ್ನು ಅಷ್ಟಾಗಿ ಬರೆದಿಲ್ಲ.

ಇನ್ನು ಹಳ್ಳಿಗರ ನಡವಳಿಕೆ. ಇಲಿ ಬಿದ್ದೊಡನೆ ಊರು ಬಿಟ್ಟು ಹೊಲಗಳಲ್ಲಿ ಕಣಕಿಯ ಗುಡಿಸಲು ಹಾಕಿಕೊಂಡು ಇರುವುದು ಉತ್ತರ ಕರ್ನಾಟಕದಲ್ಲಿ ರೂಢಿಯಾಯಿತು. ಇಂತಹ ವಲಸೆಯನ್ನು ಭಯದಿಂದ ಓಡಿಹೋದುದೆಂದು ಕೆಲವರು ಬರೆದರೆ, ದೇವಿಯ ಮುನಿಸಿಗೆ ಅಂಜಿದ ಮೂಢನಂಬಿಕೆಯೆಂದು ಕೆಲವರು, ಸರಕಾರದ ಅಪ್ಪಣೆಯ ಫಲವೆಂದು ಮತ್ತೆ ಕೆಲವರು ಬರೆದಿದ್ದಾರೆ. ಬ್ಯಾಕ್ಟೀರಿಯದ ಜೀವನಕ್ರಮವನ್ನು ಬಲ್ಲವನಿಗೆ ಬೇರೊಂದು ಅರ್ಥ ಹೊಳೆಯುತ್ತದೆ. ಇಲಿ ಸತ್ತಾಗ ಅದರ ಮೈಮೇಲಿನ ಚಿಗಟಗಳು ತಣ್ಣಗಾದ ದೇಹವನ್ನು ಬಿಟ್ಟು ಇನ್ನೊಂದು ಬಿಸಿರಕ್ತದ ಪ್ರಾಣಿಯನ್ನು ಹುಡುಕುತ್ತವೆ. ಆದುದರಿಂದ ಸತ್ತ ಇಲಿ ಕಂಡ ಮನೆಯನ್ನು ತಕ್ಷಣ ಬಿಡುವುದು ಅಂದಿಗೆ ಸಾಧ್ಯವಿದ್ದ ಅತ್ಯಂತ ಯುಕ್ತವಾದ ಕ್ರಮ. ಜನರಿಗೆ ಚಿಗಟದ ಪಾತ್ರ ತಿಳಿದಿರಲಿಲ್ಲ ನಿಜ. ಆದರೆ ಇಲಿ ಬೀಳುವುದಕ್ಕೂ ಮನುಷ್ಯ ಸಾಯುವುದಕ್ಕೂ ಇರುವ ಸಂಬಂಧವನ್ನು ಅವರು ಕಂಡುಕೊಂಡಿದ್ದರು. ಭಯವೆಂದು ಬರೆದಲ್ಲಿ ಅವಲೋಕನವೆಂದು ತಿದ್ದಬೇಕಾದ ಸಂದರ್ಭ ಇದು. ಹಾಗೆಯೇ ಈ ಕ್ರಮವು ಕೆಲವೆಡೆ ಏಕೆ ವಿಫಲವಾಯಿತು ಎಂಬುದೂ ಆಗ ವಿಚಾರಣೀಯ ಪ್ರಶ್ನೆಯಾಗುತ್ತದೆ. ಹೊಲಕ್ಕೆ ಹೋಗುವಾಗ ಹಾಸಿಗೆ, ಬಟ್ಟೆ, ಧಾನ್ಯದ ಚೀಲಗಳನ್ನು ಒಯ್ದಿದ್ದರೆ ಚಿಗಟವೂ ಜೊತೆಗೆ ಹೋಗಿರಬೇಕು.

ಧಾನ್ಯ ಸಂಗ್ರಹದ ಪ್ರಶ್ನೆಯೂ ಇಲ್ಲಿಯೇ ಬರುತ್ತದೆ. ನಮ್ಮ ಸೀಮೆಯ ಹಗೇವನ್ನು ಕುರಿತು ಬರೆದವರು ಅದನ್ನು ಬರಗಾಲದ ಮುನ್ನೆಚ್ಚರಿಕೆಯೆಂದು ಮಾತ್ರ ವರ್ಣಿಸಿದ್ದಾರೆ. ನೆಲವನ್ನು ಅಗೆದು, ಒಳಮೈಗೆ ಹುಲ್ಲು ಕಣಕಿಗಳನ್ನು ಹೊದಿಸಿ, ಒಣಗಿದ ಜೋಳವನ್ನು ತುಂಬಿ, ಬಾಯಿಯನ್ನು ಮಣ್ಣಿನಿಂದ ಭದ್ರವಾಗಿ ಮುಚ್ಚಿದಾಗ ಒಳಗಿನ ಗಾಳಿಯಲ್ಲಿಯ ಆಮ್ಲಜನಕವು ಕ್ರಮೇಣ ತೀರಿ ಇಂಗಾಲಾಮ್ಲವಾಯು ತುಂಬುತ್ತದೆ. ಆ ವಾಯುವಿನಲ್ಲಿ ಹುಳು ಬದುಕದು, ಬೂಜು ಬೆಳೆಯದು. ಹಗೇವು ತೆರೆದೊಡನೆ ಒಳಗಿಳಿಯಬಾರದೆಂಬ ಹಿರಿಯರ ಕಟ್ಟಳೆಯೂ ಇದೇ ವಾಯುವಿನ ಕಾರಣದಿಂದಲೇ. ಒಣ ಧಾನ್ಯ, ಭದ್ರ ಮುಚ್ಚಳ, ನೀರಿಳಿಯದ ನೆಲ ಈ ಮೂರೂ ಇರುವವರೆಗೆ ಇಲಿಗೂ ಅಣುಜೀವಿಗೂ ಅಲ್ಲಿ ಪ್ರವೇಶವಿಲ್ಲ. ಅದೇ ಧಾನ್ಯ ಮಣ್ಣುಗೋಡೆಯ ಮನೆಯ ಮೂಲೆಯಲ್ಲಿ ಚೀಲಗಳಲ್ಲಿ ಕುಳಿತಾಗ ಇಲಿಯ ಸಂಸಾರಕ್ಕೆ ಆಶ್ರಯವಾಗುತ್ತದೆ. ಊರೂರಿನಲ್ಲಿ ಧಾನ್ಯ ಎಲ್ಲಿ ಇರುತ್ತಿತ್ತು ಎಂಬುದನ್ನು ತಿಳಿಯದೆ ಪ್ಲೇಗಿನ ಇತಿಹಾಸವನ್ನು ಬರೆಯಲಾಗದು.

೪

ಕಾಲರಾದ ವಿಷಯದಲ್ಲಿ ದೀರ್ಘ ವಿವೇಚನೆ ಬೇಕಿಲ್ಲ. ೧೮೭೬ರಿಂದ ೧೮೭೮ರವರೆಗಿನ ಬರದಲ್ಲಿ ಅಂದಿನ ಕಲಾದಗಿ ಜಿಲ್ಲೆಯು ಮುಂಬಯಿ ಪ್ರಾಂತ್ಯದಲ್ಲಿಯೇ ಅತ್ಯಂತ ನೊಂದ ಪ್ರದೇಶಗಳಲ್ಲಿ ಒಂದಾಗಿತ್ತು. ೧೮೭೨ ಮತ್ತು ೧೮೮೧ರ ಜನಗಣತಿಗಳ ನಡುವೆ ಅದರ ಜನಸಂಖ್ಯೆ ಐದರಲ್ಲಿ ಒಂದು ಪಾಲಿಗಿಂತಲೂ ಹೆಚ್ಚು ಇಳಿಯಿತು. ಹಸಿವಿನ ಹಿಂದೆಯೇ ಕಾಲರಾ ಬಂದಿತೆಂದು ಬರೆದು ನಾವು ಮುಂದೆ ಸಾಗುತ್ತೇವೆ. ಏಕೆ ಬಂದಿತು? ಬಾವಿಗಳು ಬತ್ತಿ ತಳದ ನೀರು ಮಾತ್ರ ಉಳಿದಿತ್ತು. ಡೋಣಿಯ ನೀರು ಸವುಳಾದುದರಿಂದ ಕುಡಿಯಲು ಒದಗದು. ಬರಗಾಲದ ಕಾಮಗಾರಿಗಳಲ್ಲಿ ಸಾವಿರಾರು ಜನ ಒಂದೇ ನೀರಿಗೆ ಕೈಯೊಡ್ಡಬೇಕಾಯಿತು. ಮಲದಿಂದ ನೀರಿಗೆ, ನೀರಿನಿಂದ ಬಾಯಿಗೆ ದಾಟುವ ಬ್ಯಾಕ್ಟೀರಿಯಕ್ಕೆ ಇದಕ್ಕಿಂತ ಅನುಕೂಲವಾದ ಏರ್ಪಾಡು ಬೇರೆ ಇಲ್ಲ. ಇಂಡಿ, ಸಿಂದಗಿಗಳ ಅಂಚನ್ನು ಮುಟ್ಟಿ ಹರಿಯುವ ಭೀಮೆಯು ಅದಕ್ಕೂ ಮೊದಲು ಪಂಢರಪುರವನ್ನು ಬಳಸಿ ಬರುತ್ತದೆ. ಆಷಾಢ, ಕಾರ್ತಿಕಗಳ ವಾರಿಗೆ ಹೋಗಿಬರುವ ಯಾತ್ರಿಕರ ದಾರಿಗಳನ್ನೂ ನದಿಯನ್ನೂ ಒಂದೇ ನಕಾಶೆಯ ಮೇಲೆ ಇಟ್ಟು ನೋಡಬೇಕು. ಊರೊಳಗೆ ಜಾತಿಗೊಂದು ಬಾವಿ ಎಂಬ ಕಟ್ಟಳೆಯಿತ್ತು. ಸವುಳಿಲ್ಲದ ಬಾವಿ ಯಾರ ಕೈಯಲ್ಲಿತ್ತು, ಹಳ್ಳದ ತಗ್ಗಿನ ನೀರು ಯಾರ ಪಾಲಿಗೆ ಬಂದಿತ್ತು ಎಂಬುದನ್ನು ಕೇಳದೆ ಮರಣದ ಅಂಕಿಗಳನ್ನು ಸರಾಸರಿ ತೆಗೆಯುವುದರಲ್ಲಿ ಅರ್ಥವಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ನಮ್ಮ ಬರಹಗಳಲ್ಲಿ ಪ್ಲೇಗು, ಕಾಲರಾ, ಸಿಡುಬು, ನಾರುಹುಣ್ಣುಗಳನ್ನು ಒಂದೇ ಉಸಿರಿನಲ್ಲಿ ರೋಗಾಣುಗಳ ಕೃತ್ಯವೆಂದು ಹೇಳುವ ರೂಢಿ ಇದೆ. ಸಿಡುಬು ವೈರಸಿನಿಂದ ಬರುತ್ತಿತ್ತು. ನಾರುಹುಣ್ಣು ಮೆಟ್ಟಿಲುಬಾವಿಯ ನೀರಿನಲ್ಲಿದ್ದ ಸೂಕ್ಷ್ಮ ಜಲಚರದ ಮೂಲಕ ಒಳಸೇರುವ ಹುಳುವಿನಿಂದ ಬರುತ್ತಿತ್ತು. ನೀರನ್ನು ಬಟ್ಟೆಯಲ್ಲಿ ಸೋಸುವುದು, ಬಾವಿಗೆ ಇಳಿಯದಂತೆ ಮಾಡುವುದು ಮೊದಲಾದ ಸರಳ ಕ್ರಮಗಳಿಂದಲೇ ಅದು ಅಳಿಯಿತು. ೨೦೦೦ದಲ್ಲಿ ಭಾರತವು ಆ ಬೇನೆಯಿಂದ ಮುಕ್ತವೆಂದು ಘೋಷಿತವಾಯಿತು. ಬಟ್ಟೆಯಲ್ಲಿ ಸೋಸಿದ ಮಾತ್ರಕ್ಕೆ ಕಾಲರಾ ಸಂಪೂರ್ಣ ಹೋಗದು, ಕುದಿಸಬೇಕು. ಕಾರಣ ಬೇರೆಯಾದಾಗ ಪರಿಹಾರವೂ ಬೇರೆ, ಆದುದರಿಂದ ಇತಿಹಾಸವೂ ಬೇರೆ.

ಪರಿಭಾಷೆಯೂ ವಿಮರ್ಶೆಗೆ ಹೊರತಲ್ಲ. ರೋಗಾಣು ಎಂಬ ಶಬ್ದದಲ್ಲಿ ವಿಚಾರಣೆಗೆ ಮುಂಚೆಯೇ ತೀರ್ಪು ಅಡಗಿದೆ. ಕ್ರಿಮಿ ಎಂದರೆ ಹುಳು. ಇಂದು ತೋಟಗಾರಿಕೆಯ ಬರಹಗಳಲ್ಲಿ ರೂಢವಾಗಿರುವ ದುಂಡಾಣು ಎಂಬ ಪದವು ಕೋಲಿನಾಕಾರದ ಬ್ಯಾಕ್ಟೀರಿಯಗಳಿಗೂ ಅನ್ವಯವಾಗುತ್ತಿದೆ. ಶಿವರಾಮ ಕಾರಂತರ ‘ವಿಜ್ಞಾನ ಪ್ರಪಂಚ’ದ ಸಂಪುಟಗಳು ಹೊರಬಂದು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಸಂದಿದೆ. ಕನ್ನಡದಲ್ಲಿ ವಿಜ್ಞಾನ ಸಾಹಿತ್ಯದ ಕೊರತೆಯಿಂದಲ್ಲ, ಇತಿಹಾಸ ವಿಭಾಗಗಳು ಅದನ್ನು ತಮ್ಮ ಓದಿಗೆ ಹೊರಗಿನದೆಂದು ಭಾವಿಸಿದ್ದರಿಂದ ಈ ಗೊಂದಲ ಉಳಿದಿದೆ.

೫

ಉಪಕಾರಿ ಮುಖದತ್ತ ಬರೋಣ. ೧೫೬೫ರ ಯುದ್ಧವನ್ನು ವರ್ಣಿಸುವಾಗ ಸುಲ್ತಾನರ ತೋಪುಗಳ ಪ್ರಾಬಲ್ಯವನ್ನು ಹೇಳದ ಗ್ರಂಥವಿಲ್ಲ. ತೋಪಿಗೆ ಮದ್ದು ಬೇಕು. ಮದ್ದಿನ ತೂಕದಲ್ಲಿ ಸುಮಾರು ನಾಲ್ಕರಲ್ಲಿ ಮೂರು ಪಾಲು ಪೆಟ್ಲುಪ್ಪು. ಈ ಪೆಟ್ಲುಪ್ಪು ಗಣಿಯಿಂದ ಬಂದುದಲ್ಲ. ಹಾಳೂರುಗಳ ನೆಲ, ದನದ ಕೊಟ್ಟಿಗೆಗಳು, ಹಳೆಯ ಮಣ್ಣುಗೋಡೆಗಳು, ಇವುಗಳ ಮಣ್ಣನ್ನು ನೀರಿನಲ್ಲಿ ಕದಡಿ, ಸೋಸಿ, ಕುದಿಸಿ ಅದನ್ನು ಪಡೆಯುವುದು ಭಾರತದಲ್ಲಿ ನಡೆದುಬಂದ ಕ್ರಮ. ಅಂತಹ ಮಣ್ಣಿನಲ್ಲಿ ಆ ಲವಣ ಹುಟ್ಟುವುದು ಹೇಗೆ? ದನದ ಗಂಜಲ ಸಗಣಿಗಳಿಂದ ಬಂದ ಅಮೋನಿಯವನ್ನು ಒಂದು ಜಾತಿಯ ಬ್ಯಾಕ್ಟೀರಿಯ ನೈಟ್ರೈಟಾಗಿಯೂ ಇನ್ನೊಂದು ಜಾತಿ ಅದನ್ನು ನೈಟ್ರೇಟಾಗಿಯೂ ಮಾರ್ಪಡಿಸುತ್ತವೆ. ಇದು ಸಜೀವ ಕ್ರಿಯೆಯೆಂದು ೧೮೭೭ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯೂಂಟ್ಜ್ ತೋರಿಸಿದರು. ಆ ಬ್ಯಾಕ್ಟೀರಿಯಗಳನ್ನು ವಿನೋಗ್ರಾಡ್ಸ್ಕಿ ೧೮೯೦ರ ಸುಮಾರಿಗೆ ಬೇರ್ಪಡಿಸಿದನು. ಕೃಷ್ಣೆಯ ತೀರದಲ್ಲಿ ಸಾಮ್ರಾಜ್ಯಗಳ ಭವಿಷ್ಯವನ್ನು ನಿರ್ಧರಿಸಿದ ಮದ್ದಿನ ಹಿಂದೆ ದನದ ಕೊಟ್ಟಿಗೆಯ ಈ ಜೀವಿಗಳಿದ್ದವೆಂಬುದನ್ನು ನಮ್ಮ ಸೈನಿಕ ಇತಿಹಾಸವು ಗಮನಿಸಿಲ್ಲ. ಮಣ್ಣಿನಿಂದ ಉಪ್ಪು ತೆಗೆಯುವ ಕಸುಬಿನ ಉಪ್ಪಾರರಂತಹ ಸಮುದಾಯಗಳ ಇತಿಹಾಸವು ಅರಮನೆಯ ಇತಿಹಾಸದೊಡನೆ ಕೂಡುವ ಒಂದು ಸ್ಥಳ ಇದಾಗಬಹುದು.

ಅದೇ ಹಾಳುಮಣ್ಣನ್ನು ರೈತರು ಗಾಡಿಯಲ್ಲಿ ಹೇರಿ ಹೊಲಕ್ಕೆ ಗೊಬ್ಬರವಾಗಿ ಹಾಕಿದರು. ಮುಂಗಾರಿಯಲ್ಲಿ ಹೆಸರು, ಹಿಂಗಾರಿಯಲ್ಲಿ ಬಿಳಿಜೋಳ. ಜೋಳದ ನಡುವೆ ಕಡಲೆ, ತೊಗರಿಯ ಸಾಲು. ಈ ಸರದಿಯನ್ನು ಕಂದಾಯದ ದೃಷ್ಟಿಯಿಂದ ಮಾತ್ರ ನೋಡಿದ ಗ್ರಂಥಗಳು ಅದನ್ನು ರೈತನ ಹಳೆಯ ರೂಢಿಯೆಂದು ಕರೆದವು. ದ್ವಿದಳದ ಬೇರಿನ ಗಂಟುಗಳಲ್ಲಿ ನೆಲೆಸಿದ ಬ್ಯಾಕ್ಟೀರಿಯಗಳು ಗಾಳಿಯ ಸಾರಜನಕವನ್ನು ಸಸ್ಯದ ಆಹಾರವಾಗಿ ಮಾರ್ಪಡಿಸುತ್ತವೆಂದು ಹೆಲ್‌ರೀಗಲ್, ವಿಲ್‌ಫಾರ್ಟ್, ಬೈಯರಿಂಕ್ ಇವರ ಸಂಶೋಧನೆಗಳಿಂದ ೧೮೮೮ರ ಹೊತ್ತಿಗೆ ತಿಳಿಯಿತು. ರಾಸಾಯನಿಕ ಗೊಬ್ಬರ ಬರುವ ಮುನ್ನ ಡೋಣಿಯ ಕಣಿವೆಯು ಜೋಳದ ಕಣಜವೆಂಬ ಕೀರ್ತಿಯನ್ನು ಉಳಿಸಿಕೊಂಡದ್ದರಲ್ಲಿ ಎರೆಮಣ್ಣಿನ ಗುಣದೊಂದಿಗೆ ಈ ಗಂಟುಗಳ ಪಾಲೂ ಇದೆ. ಈಗ ಕೃಷಿ ಇಲಾಖೆಯವರು ಬೀಜೋಪಚಾರಕ್ಕೆ ಕೊಡುವ ರೈಜೋಬಿಯಂ ಪುಡಿಯು ಇದೇ ಬ್ಯಾಕ್ಟೀರಿಯವೇ.

ಆದರೆ ಇದೇ ಮಣ್ಣಿನಲ್ಲಿ ನೆರಡಿ ರೋಗದ ಬ್ಯಾಕ್ಟೀರಿಯವು ಬೀಜಕದ ರೂಪದಲ್ಲಿ ದಶಕಗಳ ಕಾಲ ಸುಪ್ತವಾಗಿರಬಲ್ಲದು. ಸತ್ತ ದನವನ್ನು ಎಲ್ಲಿ ಹೂಳಿದರು, ಯಾರು ಅದರ ಚರ್ಮ ಸುಲಿದರು ಎಂಬುದು ಕೇವಲ ಜಾತಿವ್ಯವಸ್ಥೆಯ ಪ್ರಶ್ನೆಯಾಗಿ ಉಳಿಯದೆ, ಅಪಾಯವನ್ನು ಯಾರ ಹೆಗಲಿಗೆ ಹೊರಿಸಲಾಗಿತ್ತು ಎಂಬ ಪ್ರಶ್ನೆಯೂ ಆಗುತ್ತದೆ. ಪುಂಡಿಯ ಕಟ್ಟುಗಳನ್ನು ನಿಂತ ನೀರಿನಲ್ಲಿ ನೆನೆಹಾಕಿದಾಗ ಬ್ಯಾಕ್ಟೀರಿಯಗಳು ತೊಗಟೆಯ ಅಂಟನ್ನು ಕರಗಿಸಿ ನಾರನ್ನು ಬಿಡಿಸಿಕೊಡುತ್ತವೆ. ನಮ್ಮ ಹಗ್ಗ, ಮಿಣಿಗಳು ಅವುಗಳ ದುಡಿಮೆ. ಆದರೆ ಆ ನೀರು ನಾರುತ್ತದೆ, ಮೀನು ಸಾಯುತ್ತದೆ, ದನಕ್ಕೆ ಕುಡಿಸಲು ಬಾರದು. ಉಪಕಾರ ಅಪಕಾರಗಳು ಒಂದೇ ಹೊಂಡದಲ್ಲಿ ಕೂಡಿರುವುದಕ್ಕೆ ಇದಕ್ಕಿಂತ ಸುಲಭವಾದ ದೃಷ್ಟಾಂತ ಸಿಗದು.

ಅಡುಗೆಮನೆಯ ವಿಷಯವನ್ನು ಕ್ಷುದ್ರವೆಂದು ಬಿಡಲಾಗದು. ಹಾಲನ್ನು ಕಾಸಿ, ಉಗುರುಬೆಚ್ಚಗೆ ಆರಿಸಿ, ನಿನ್ನೆಯ ಮೊಸರಿನ ಹೆಪ್ಪು 

ಹಾಕುವ ಗೃಹಿಣಿ ಎರಡು ಕ್ರಿಯೆಗಳನ್ನು ಕ್ರಮವಾಗಿ ಮಾಡುತ್ತಾಳೆ: ಬೇಡವಾದ ಬ್ಯಾಕ್ಟೀರಿಯಗಳನ್ನು ಮೊದಲು ಕೊಲ್ಲುತ್ತಾಳೆ, ಬೇಕಾದವನ್ನು ಆಮೇಲೆ ಬಿತ್ತುತ್ತಾಳೆ. ಹುಳಿಯಾದ ಮಜ್ಜಿಗೆ, ಅಂಬಲಿಗಳಲ್ಲಿಯ ಆಮ್ಲವು ಅನೇಕ ಅಪಾಯಕಾರಿ ಬ್ಯಾಕ್ಟೀರಿಯಗಳ ಬೆಳವಣಿಗೆಯನ್ನು ತಡೆಯುತ್ತದೆ. ಜೋಳದ ನುಚ್ಚು ಮಜ್ಜಿಗೆಯ ಊಟವನ್ನು ಬಡತನದ ಗುರುತೆಂದು ಮಾತ್ರ ಬರೆದವರು ಅದರ ಈ ಗುಣವನ್ನು ನೋಡಲಿಲ್ಲ. ಒಂದು ಮನೆಯ ಹೆಪ್ಪು ಕೆಟ್ಟರೆ ನೆರೆಮನೆಯಿಂದ ತರುವುದು ವಾಡಿಕೆ. ಯಾರು ಯಾರ ಮನೆಯಿಂದ ಹೆಪ್ಪು ತರಬಹುದಿತ್ತು, ಯಾರಿಗೆ ಕೊಡಲೊಲ್ಲರು ಎಂಬುದು ಊರಿನ ಸಮಾಜರಚನೆಯನ್ನು ತಿಳಿಯಲು ಒಂದು ಆಕರವೇ ಸರಿ. ಮಾದಾರ ಚೆನ್ನಯ್ಯನ ಮನೆಯ ಅಂಬಲಿಯನ್ನು ಶಿವನು ಸವಿದನೆಂಬ ಶರಣ ಪರಂಪರೆಯ ಕಥೆಯನ್ನು ಭಕ್ತಿಯ ದೃಷ್ಟಿಯಿಂದ ಓದಿದ ನಾವು, ಉಣ್ಣುವ ವಸ್ತುವಿನ ಸುತ್ತ ಹಾಕಿದ್ದ ಎಲ್ಲೆಗಳ ದೃಷ್ಟಿಯಿಂದಲೂ ಓದಬಹುದು.

೬

ಇದೆಲ್ಲ ಗತಕಾಲದ ವಿಚಾರ, ಇಂದಿಗೇನು ಪ್ರಯೋಜನ ಎಂದು ಕೇಳುವವರುಂಟು. ಅವರು ಇಂಡಿ, ಸಿಂದಗಿಗಳ ತೋಟಗಳತ್ತ ನೋಡಬೇಕು. ಇಂಡಿಯ ಲಿಂಬೆಗೆ ಭೌಗೋಳಿಕ ಸೂಚಕದ ಮನ್ನಣೆ ದೊರೆತಿದೆ. ರಾಜ್ಯದ ಲಿಂಬೆ ಅಭಿವೃದ್ಧಿ ಮಂಡಳಿಯೂ ಇಂಡಿಯಲ್ಲಿದೆ. ಆ ಲಿಂಬೆಯನ್ನು ಬಾಧಿಸುವ ಕಜ್ಜಿ ರೋಗವು ಬ್ಯಾಕ್ಟೀರಿಯದಿಂದ ಬರುವಂಥದು. ದಾಳಿಂಬೆಯ ದುಂಡಾಣು ಅಂಗಮಾರಿಯ ಕಾರಣವೂ ಅದೇ ಕುಲದ ಬ್ಯಾಕ್ಟೀರಿಯ. ಭಾರತದಲ್ಲಿ ೧೯೫೦ರ ದಶಕದಲ್ಲಿಯೇ ವರದಿಯಾಗಿದ್ದ ಈ ಅಂಗಮಾರಿಯು ದೀರ್ಘಕಾಲ ಅಲ್ಪ ಬಾಧೆಯಾಗಿದ್ದು, ಈ ಶತಮಾನದ ಮೊದಲ ದಶಕದಲ್ಲಿ ಬಿಜಾಪುರ, ಬಾಗಲಕೋಟೆ ಮೊದಲಾದ ಜಿಲ್ಲೆಗಳ ತೋಟಗಳನ್ನು ಹಾಳುಗೆಡವಿತು. ಸಾಲ ಮಾಡಿ ಗಿಡ ನೆಟ್ಟವರು ಅವುಗಳನ್ನು ಬೇರುಸಹಿತ ಕೀಳಬೇಕಾಯಿತು.

ಬ್ಯಾಕ್ಟೀರಿಯ ಹಳೆಯದು, ಏರ್ಪಾಡು ಹೊಸದು. ದೂರದಿಂದ ತಂದ ಸಸಿಗಳು, ಒಂದೇ ಬೆಳೆಯ ವಿಸ್ತಾರವಾದ ತೋಟಗಳು, ತೊಳೆಯದೆ ಗಿಡದಿಂದ ಗಿಡಕ್ಕೆ ಒಯ್ಯುವ ಚಾಟಣಿ ಕತ್ತರಿ, ಮಳೆಹನಿಯ ಸಿಡಿತ, ಇವು ಅದಕ್ಕೆ ದಾರಿಯಾದವು. ಧಾನ್ಯದ ಚೀಲದೊಡನೆ ಇಲಿ ಬಂದ ೧೮೯೭ರ ನಂತರದ ಕಥೆಗೂ ಸಸಿಯೊಡನೆ ಅಂಗಮಾರಿ ಬಂದ ಈ ಕಥೆಗೂ ಇರುವ ಸಾಮ್ಯವನ್ನು ಕಾಣಲು ವಿಶೇಷ ಪಾಂಡಿತ್ಯ ಬೇಕಿಲ್ಲ. ಪರಿಹಾರವೂ ಏರ್ಪಾಡಿನದೇ ಆಗಿತ್ತು: ಶುದ್ಧ ಸಸಿ, ತೊಳೆದ ಕತ್ತರಿ, ಉದುರಿದ ಎಲೆಹಣ್ಣುಗಳ ವಿಲೇವಾರಿ, ಗಿಡಕ್ಕೆ ವಿಶ್ರಾಂತಿ. ಆದರೆ ಶತ್ರುವೆಂದ ಮೇಲೆ ಕೊಲ್ಲುವುದೊಂದೇ ದಾರಿಯೆಂಬ ಮನೋಭಾವದಿಂದ ಸ್ಟ್ರೆಪ್ಟೋಮೈಸಿನ್ ಬೆರೆತ ಔಷಧಿಗಳನ್ನು ತೋಟಗಳಿಗೆ ಸಿಂಪಡಿಸುವ ರೂಢಿ ಬೆಳೆಯಿತು.

ಸ್ಟ್ರೆಪ್ಟೋಮೈಸಿನ್ ಎಲ್ಲಿಂದ ಬಂದಿತು ಎಂಬುದು ಇಲ್ಲಿ ಸ್ಮರಣೀಯ. ೧೯೪೩ರಲ್ಲಿ ಅಮೆರಿಕೆಯಲ್ಲಿ ವ್ಯಾಕ್ಸ್‌ಮನ್ನನ ಪ್ರಯೋಗಶಾಲೆಯಲ್ಲಿ ಆಲ್ಬರ್ಟ್ ಶಾಟ್ಜ್ ಅದನ್ನು ಮಣ್ಣಿನ ಒಂದು ಬ್ಯಾಕ್ಟೀರಿಯದಿಂದ ಪಡೆದನು. ಮೊದಲ ಮಳೆ ಬಿದ್ದಾಗ ಎರೆಹೊಲದಿಂದೇಳುವ ಮಣ್ಣಿನ ವಾಸನೆಗೆ ಮುಖ್ಯ ಕಾರಣವಾದ ಬ್ಯಾಕ್ಟೀರಿಯಗಳೂ ಅದೇ ಕುಲದವು. ಕ್ಷಯಕ್ಕೆ ಮೊದಲ ಪರಿಣಾಮಕಾರಿ ಔಷಧವಾದುದೂ, ಪ್ಲೇಗಿನ ರೋಗಿಯನ್ನು ಬದುಕಿಸುವ ಔಷಧವಾದುದೂ ಇದೇ. ಅದನ್ನು ತೋಟದ ಮೇಲೆ ಸುರಿದಾಗ ತಡೆಯುವ ಶಕ್ತಿಯುಳ್ಳ ಬ್ಯಾಕ್ಟೀರಿಯಗಳು ಉಳಿದು ಬೆಳೆಯುತ್ತವೆ. ಆ ಶಕ್ತಿಯನ್ನು ಬೇರೆ ಜಾತಿಗಳಿಗೂ ದಾಟಿಸಬಲ್ಲವು. ೨೦೨೧ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರವು ಬೇಸಾಯದಲ್ಲಿ ಸ್ಟ್ರೆಪ್ಟೋಮೈಸಿನ್ ಮತ್ತು ಟೆಟ್ರಾಸೈಕ್ಲಿನ್ನುಗಳ ಬಳಕೆಯನ್ನು ಹಂತಹಂತವಾಗಿ ನಿಲ್ಲಿಸುವ ಕರಡು ಅಧಿಸೂಚನೆಯನ್ನು ಹೊರಡಿಸಿದ್ದು ಈ ಭಯದಿಂದಲೇ. ತೋಟವನ್ನು ಉಳಿಸಲು ಹೊರಟು ದವಾಖಾನೆಯ ಔಷಧವನ್ನು ಮೊಂಡುಮಾಡುವ ಸ್ಥಿತಿಗೆ ಬಂದುದು ವಿಜ್ಞಾನದ ಅಭಾವದಿಂದಲ್ಲ. ಆರೋಗ್ಯ ಬೇರೆ, ಬೇಸಾಯ ಬೇರೆ ಎಂಬ ವಿಂಗಡಣೆಯಿಂದ. ಗೆಜೆಟಿಯರಿನ ಗೋಡೆ ಪುಸ್ತಕದಲ್ಲಿ ಮಾತ್ರ ಇಲ್ಲ.

೭

ಈ ವಾದಕ್ಕೆ ಎರಡು ಅತಿರೇಕಗಳಿಂದ ಅಪಾಯವಿದೆ. ಮೊದಲನೆಯದು, ಎಲ್ಲವನ್ನೂ ಅಣುಜೀವಿಯಿಂದ ವಿವರಿಸುವ ಉತ್ಸಾಹ. ೧೮೭೭ರಲ್ಲಿ ಜನ ಸತ್ತದ್ದು ಕಾಲರಾದಿಂದ ಮಾತ್ರವಲ್ಲ. ಧಾನ್ಯದ ಬೆಲೆ, ಕಂದಾಯದ ನೀತಿ, ಕೂಲಿಯ ದರ ಇವುಗಳಿಂದಲೂ ಸತ್ತರು. ಬ್ಯಾಕ್ಟೀರಿಯದ ಮೇಲೆ ಹೊಣೆ ಹೊರಿಸಿ ಆಳಿದವರನ್ನು ಬಿಡಿಸುವುದು ಇತಿಹಾಸವಾಗದು. ಎರಡನೆಯದು, ನಮ್ಮ ಪೂರ್ವಿಕರಿಗೆ ಇದೆಲ್ಲ ತಿಳಿದಿತ್ತೆಂಬ ಹೆಮ್ಮೆ. ಅವರಿಗೆ ಫಲ ತಿಳಿದಿತ್ತು, ಕಾರಣ ತಿಳಿದಿರಲಿಲ್ಲ. ಆದುದರಿಂದಲೇ ಹೆಪ್ಪಿನಲ್ಲಿ ಜಾಣರಾದ ಜನರೇ ಕೆರೆಯ ನೀರಿನಲ್ಲಿ ಮೋಸಹೋದರು. ಅನುಭವದ ಜ್ಞಾನವನ್ನು ಗೌರವಿಸುವುದು ಬೇರೆ, ಅದನ್ನು ವಿಜ್ಞಾನವೆಂದು ಹೊಗಳುವುದು ಬೇರೆ.

ನಮ್ಮ ಕಾಲೇಜುಗಳಲ್ಲಿ ಈ ನಾಲ್ಕು ತಾಲೂಕುಗಳಿಂದ ಬಂದ ವಿದ್ಯಾರ್ಥಿಗಳಿಗೆ ಕೊರತೆಯಿಲ್ಲ. ಅವರ ಊರುಗಳಲ್ಲಿಯೇ ಆಕರಗಳಿವೆ. ಗ್ರಾಮದ ಜನನ ಮರಣದ ಹಳೆಯ ದಫ್ತರುಗಳು, ಮುಚ್ಚಿಹೋದ ಹಗೇವುಗಳ ಸ್ಥಾನ, ಯಾವ ಬಾವಿ ಸವುಳು ಯಾವುದು ಸಿಹಿ ಎಂಬ ತಿಳಿವು, ಪ್ಲೇಗಿನ ಕಾಲದ ಗುಡಿಸಲುಗಳನ್ನು ತಂದೆ ತಾಯಿಗಳಿಂದ ಕೇಳಿ ಬಲ್ಲ ವೃದ್ಧರ ಮಾತು, ದಾಳಿಂಬೆ ಬೆಳೆಗಾರರ ಸಿಂಪಡಣೆಯ ಲೆಕ್ಕದ ಪುಸ್ತಕ, ಇವುಗಳನ್ನು ಯಾವ ದೊಡ್ಡ ಗ್ರಂಥಾಲಯವೂ ಸಂಗ್ರಹಿಸಿಲ್ಲ. ಇವುಗಳಲ್ಲಿ ಕೆಲವು ಇನ್ನು ಹತ್ತು ವರ್ಷಗಳಲ್ಲಿ ದೊರೆಯಲಾರವು. ಒಂದು ಊರಿನ ನೀರು, ಧಾನ್ಯ, ದನ, ಹೊಲಗಳ ನಕಾಶೆಯನ್ನು ಬರೆದು, ಅದರ ಮೇಲೆ ಆ ಊರಿನ ಮರಣದ ದಾಖಲೆಯನ್ನೂ ಬೆಳೆಯ ದಾಖಲೆಯನ್ನೂ ಒಟ್ಟಿಗೆ ಇಡುವ ಒಂದು ಪ್ರಬಂಧ ಬಂದರೂ ಸಾಕು. ಗೆಜೆಟಿಯರುಗಳು ಬೇರ್ಪಡಿಸಿದ ಅಧ್ಯಾಯಗಳನ್ನು ಮತ್ತೆ ಕೂಡಿಸುವ ಕೆಲಸ ಅಲ್ಲಿಂದ ಆರಂಭವಾದೀತು.